ನೀರಿಗಿಳಿಯಲು ಒಂದು ಸಹಿ

ಅಂಡಮಾನಿಗೆ ಹೋಗೋಣ ಎಂದವಳು ಮಂಗಲಾ. ವಿಮಾನದ ಟಿಕೆಟು ತೆಗೆಸಿದವಳೂ ಅವಳೇ. ಅಲ್ಲಿ ಸಮುದ್ರದ ತಳಕ್ಕಿಳಿದು ಮೀನು ನೋಡಬೇಕು, ಅದಕ್ಕಾಗಿ ಹೋಗುವ ಮುಂಚೆಯೇ ಎಲ್ಲಾದರೂ ಸ್ಕೂಬಾ ಡೈವಿಂಗ್ ಕಲಿತಿರಬೇಕು ಎಂದು ನಿರ್ಧರಿಸಿದವಳೂ ಅವಳೇ. ಎಲ್ಲಿ ಕಲಿಸುತ್ತಾರೆ, ಎಷ್ಟು ದಿನ ಬೇಕು, ಏನೇನು ಕಾಗದ ಕೇಳುತ್ತಾರೆ ಎಂದು ಹುಡುಕುವ ಕೆಲಸ ಮಾತ್ರ ಶೇವಂತಿಯ ಕೊರಳಿಗೆ ಬಿತ್ತು.

ಇಬ್ಬರಿಗೂ ನಲವತ್ತಾರು ದಾಟಿತ್ತು. ಜಮಖಂಡಿಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಮೇಲೆ ಮಂಗಲಾ ಮದುವೆಯಾಗಿ ಮುಧೋಳಕ್ಕೆ ಹೋದಳು. ಅವಳ ಗಂಡ ಹಣಮಂತನಿಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅವನಿಗೆ ರಜೆಯೆಂಬುದೇ ಇಲ್ಲ. ಹಂಗಾಮು ಮುಗಿಯುವ ಹೊತ್ತಿಗೆ ಬಿಸಿಲು, ಬಿಸಿಲು ಮುಗಿದರೆ ಮಳೆ. ಹೀಗೆ ಇಪ್ಪತ್ತೆರಡು ವರ್ಷ ಕಾದು ಸಾಕಾದ ಮಂಗಲಾ, ಈ ಸಲ ತಾನು ಕಬ್ಬಿನ ಹಾದಿ ಕಾಯುವುದಿಲ್ಲ, ಜನವರಿಯಲ್ಲೇ ಹೋಗುತ್ತೇನೆ, ಗಂಡ ಬರದಿದ್ದರೆ ಗೆಳತಿ ಬರುತ್ತಾಳೆ ಎಂದು ಮನೆಯಲ್ಲಿ ಹೇಳಿಬಿಟ್ಟಳು. ಗೆಳತಿಯನ್ನು ಕೇಳಿದ್ದು ಅದಾದಮೇಲೆ.

ಶೇವಂತಿ ಇರುವುದು ಬನಹಟ್ಟಿಯಲ್ಲಿ, ತಾಯಿ ಕರೆವ್ವ ಮತ್ತು ತಮ್ಮನ ಸಂಸಾರದ ಜೊತೆ. ಮನೆಯ ಮುಂದಿನ ಅರ್ಧದಲ್ಲಿ ತಮ್ಮನ ನಾಲ್ಕು ಪವರ್‌ಲೂಮು, ಹಿಂದಿನ ಅರ್ಧದಲ್ಲಿ ಎಲ್ಲರ ವಾಸ. ಅವಳು ಜಮಖಂಡಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಮದುವೆಯಾಗಲಿಲ್ಲ, ಯಾಕೆಂದು ಕೇಳುವುದನ್ನು ಊರು ಹತ್ತು ವರ್ಷದ ಹಿಂದೆಯೇ ಬಿಟ್ಟಿತ್ತು. ರಜೆಗಳು ಕೂಡುತ್ತಲೇ ಇದ್ದವು. ಆರು ದಿನದ ಪ್ರವಾಸದಲ್ಲಿ ಮೂರು ದಿನ ಪಾಠಕ್ಕೇ ಹೋದರೆ ಊರು ನೋಡುವುದು ಯಾವಾಗ ಎಂದು ಮಂಗಲಾ ಕೇಳಿದಾಗ ಶೇವಂತಿ ಮೊದಲೇ ಕಲಿತು ಹೋಗುವುದಕ್ಕೆ ಒಪ್ಪಿದಳು. ಮಂಗಲಾಳ ವಿಷಯದಲ್ಲಿ ಸಿಟ್ಟು ತರಿಸುವುದು ಇದೇ: ಅವಳ ವಿಚಾರ ಯಾವಾಗಲೂ ಸರಿಯಾಗಿರುತ್ತಿತ್ತು, ಕೆಲಸ ಯಾವಾಗಲೂ ಇನ್ನೊಬ್ಬರದಾಗಿರುತ್ತಿತ್ತು.

ಅಕ್ಟೋಬರಿನಲ್ಲಿ ಶೇವಂತಿ ಫೋನು ಮಾಡತೊಡಗಿದಳು. ಕೆಳಗೆ ಲೂಮುಗಳ ಸದ್ದಿಗೆ ಏನೂ ಕೇಳುತ್ತಿರಲಿಲ್ಲವಾದ್ದರಿಂದ ಡ್ಯೂಟಿ ಮುಗಿಸಿ ಬಂದವಳೇ ಮಾಳಿಗೆಯ ಮೇಲೆ ಹತ್ತಿ ಒಣಹಾಕಿದ ಬಟ್ಟೆಗಳ ನಡುವೆ ನಿಂತು ಮಾತಾಡುತ್ತಿದ್ದಳು. ಮೊದಲು ಸಿಕ್ಕವನು ಗೋವಾದವನು. ಕಲಿಯುವುದು ಬೇಡವೇ ಬೇಡ, ಈಜು ಬರದಿದ್ದರೂ ನಡೆಯುತ್ತದೆ, ತಮ್ಮವನೊಬ್ಬ ಹಿಂದಿನಿಂದ ಹಿಡಿದುಕೊಂಡು ನೀರಿನಲ್ಲಿ ಇಪ್ಪತ್ತು ನಿಮಿಷ ತಿರುಗಾಡಿಸಿ ತರುತ್ತಾನೆ, ವಿಡಿಯೋ ಪುಕ್ಕಟೆ ಎಂದ. ತನಗೆ ಕಲಿಯಬೇಕಾಗಿದೆ ಎಂದಳು ಶೇವಂತಿ. ಅವನು ಮತ್ತೆ ವಿಡಿಯೋದ ಮಾತೇ ಎತ್ತಿದ. ಪುಣೆಯವರು ಈಜುಕೊಳದ ಪಾಠವಷ್ಟೇ ತಮ್ಮದು, ಸಮುದ್ರವನ್ನು ನೀವೇ ನೋಡಿಕೊಳ್ಳಿ ಎಂದರು. ಬೆಂಗಳೂರಿನ ಹುಡುಗಿಯೊಬ್ಬಳು ನಂಬರು ತೆಗೆದುಕೊಂಡಳು. ಅಂದಿನಿಂದ ದಿನಕ್ಕೆ ಮೂರು ಸಲ ಬೇರೆ ಬೇರೆ ಹುಡುಗಿಯರು ಫೋನು ಮಾಡಿ, ನೀವು ಸಮುದ್ರವನ್ನು ಪ್ರೀತಿಸುತ್ತೀರಾ ಮ್ಯಾಡಮ್ ಎಂದು ಕೇಳತೊಡಗಿದರು. ಒಮ್ಮೆ ರೋಗಿಯೊಬ್ಬರ ಕೈಗೆ ಸಲೈನ್ ಸೂಜಿ ಚುಚ್ಚುತ್ತಿರುವಾಗಲೇ ಅಂಥ ಫೋನು ಬಂತು.

ಎಲ್ಲರೂ ಒಂದೇ ಅರ್ಜಿಯನ್ನು ಕಳಿಸಿದರು. ಇಂಗ್ಲಿಷಿನಲ್ಲಿ ಮೂರು ಪುಟ. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತೀರಾ, ಹೀಗೆ. ಎಲ್ಲದಕ್ಕೂ 'ಇಲ್ಲ' ಎಂದಾದರೆ ನೀವೇ ಸಹಿ ಮಾಡಿದರೆ ಆಯಿತು. ಕೆಲವಕ್ಕೆ 'ಹೌದು' ಎಂದಾದರೆ ಮೂರನೆಯ ಪುಟದಲ್ಲಿ ವೈದ್ಯರ ಸಹಿ ಬೇಕು. ಒಂದು ಸಾಲು ಹೀಗಿತ್ತು: ಕಿವಿಯ ಕಾಯಿಲೆಯಾಗಲಿ, ಕಿವಿಯ ಶಸ್ತ್ರಚಿಕಿತ್ಸೆಯಾಗಲಿ ಆಗಿದೆಯೇ?

ಶೇವಂತಿಗೆ ಆಗಿತ್ತು. ಕರೆವ್ವನ ತವರು ಹಿಪ್ಪರಗಿ. ಸಣ್ಣವಳಿದ್ದಾಗ ಶೇವಂತಿ ಸಾಲೆಯ ಸೂಟಿಗೆ ಅಲ್ಲಿಗೆ ಹೋದರೆ ಇಡೀ ದಿನ ಕೃಷ್ಣಾ ಹೊಳೆಯಲ್ಲೇ ಇರುತ್ತಿದ್ದಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಈಜು ಕಲಿಸಿದ್ದ. ಹನ್ನೊಂದನೆಯ ವಯಸ್ಸಿಗೆ ಬಲಗಿವಿ ಸೋರತೊಡಗಿತು. ಎಣ್ಣೆ, ಬೆಳ್ಳುಳ್ಳಿ, ಹನಿ ಔಷಧ ಎಲ್ಲ ಆಗಿ ಎರಡು ವರ್ಷದ ಮೇಲೆ ಮಿರಜಿನ ಆಸ್ಪತ್ರೆಯಲ್ಲಿ ಕಿವಿತಮಟೆಯ ತೂತಿಗೆ ತೇಪೆ ಹಚ್ಚಿದರು. ಕೆಲವು ತಿಂಗಳು ಕಿವಿಗೆ ನೀರು ತಾಗಿಸಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಕರೆವ್ವ ಜನ್ಮಕ್ಕೇ ಹೇಳಿದ್ದೆಂದು ತಿಳಿದಳು. ಅಂದಿನಿಂದ ಶೇವಂತಿ ತಲೆಗೆ ನೀರು ಹಾಕಿಕೊಳ್ಳುವಾಗಲೂ ಎಣ್ಣೆಯ ಅರಳೆ ಇಟ್ಟುಕೊಳ್ಳಬೇಕಾಯಿತು. ಹೊಳೆಯಂತೂ ಮುಗಿದೇ ಹೋಯಿತು.

ಈ ಕಿವಿಯ ವಿಷಯವನ್ನು ಅವಳು ಎಲ್ಲರಿಗೂ ಹೇಳಿದಳು, ಎಲ್ಲರೂ ಒಂದೇ ಉತ್ತರ ಕೊಟ್ಟರು. ಹೌದು ಎಂದು ಯಾಕೆ ಬರೆಯುತ್ತೀರಿ, ಇಲ್ಲ ಎಂದು ಬರೆಯಿರಿ. ಗೋವಾದವನು, ನೀರಿಗಿಳಿಯುವಾಗ ಕಿವಿಗೆ ಅರಳೆ ಕೊಡುತ್ತೇವೆ ಎಂದ. ಅಷ್ಟು ಆಳದಲ್ಲಿ ಕಿವಿಯ ಮೇಲೆ ನೀರು ಎಷ್ಟು ಒತ್ತುತ್ತದೆಂದು ಆ ಹೊತ್ತಿಗಾಗಲೇ ಓದಿಕೊಂಡಿದ್ದ ಶೇವಂತಿಗೆ ಫೋನನ್ನು ಮಾಳಿಗೆಯಿಂದ ಕೆಳಗೆ ಎಸೆಯುವಷ್ಟು ಸಿಟ್ಟು ಬಂತು. ಮಂಗಲಾ ಕೂಡ ಅದನ್ನೇ ಹೇಳಿದಳು.

"ಮೂವತ್ತ ಮೂರ ವರ್ಷದ ಹಿಂದಿಂದು ಯಾರ್ ನೋಡಾಕ ಬರ್ತಾರ? ಇಲ್ಲ ಅಂತ ಬರದ ಒಗಿ."

"ಆಪರೇಷನ್ ಮಾಡಿಸ್ಕೊಳ್ಳಾಕ ಬಂದಾವ್ರು ಏನೂ ತಿಂದಿಲ್ಲ ಅಂತ ಬರದಿರ್ತಾರ," ಎಂದಳು ಶೇವಂತಿ. "ತಿಂದಿರ್ತಾರ. ಟೇಬಲ್ ಮ್ಯಾಲ ವಾಂತಿ ಮಾಡ್ಕೊಂಡು ಶ್ವಾಸಕ್ಕ ಸಿಗಿಸ್ಕೊಂಡಾಗ ಹಿಡಿಯಾಕಿ ನಾನ. ನಾ ಹಂಗ ಬರೆಯಂಗಿಲ್ಲ."

ಕಡೆಗೆ ನವೆಂಬರಿನ ಮೊದಲ ವಾರದಲ್ಲಿ ಮುರುಡೇಶ್ವರದ ಒಂದು ಸಣ್ಣ ಸಂಸ್ಥೆಯ ನಂಬರು ಸಿಕ್ಕಿತು. ಅಲ್ಲಿ ಕಲಿಸುವವಳ ಹೆಸರು ಸ್ನೇಹಾ, ಕರಾವಳಿಯವಳೇ. ನಾಲ್ಕು ದಿನದ ಕೋರ್ಸು: ಮೊದಲು ಈಜುಕೊಳ, ಆಮೇಲೆ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಮಳೆಗಾಲ ಮುಗಿದದ್ದರಿಂದ ಡಿಸೆಂಬರಿಗೆ ಸಮುದ್ರ ತಿಳಿಯಾಗಿರುತ್ತದೆ. ಪುಸ್ತಕದ ಪಾಠವನ್ನು ಫೋನಿನಲ್ಲೇ ಓದಿ ಮುಗಿಸಿಕೊಂಡು ಬರಬೇಕು, ಇನ್ನೂರು ಮೀಟರು ಈಜಬೇಕು, ಹತ್ತು ನಿಮಿಷ ತೇಲಬೇಕು. ಎಲ್ಲ ಕೇಳಿಸಿಕೊಂಡಮೇಲೆ ಶೇವಂತಿ, ಬರುವ ಉತ್ತರ ಗೊತ್ತಿದ್ದವಳ ದನಿಯಲ್ಲಿ ಕಿವಿಯ ಮಾತು ಹೇಳಿದಳು.

"ಹಾಗಾದರೆ ಡಾಕ್ಟರ್ ಸಹಿ ತನ್ನಿ ಅಕ್ಕ," ಎಂದಳು ಸ್ನೇಹಾ. "ಕಿವಿ ನೋಡಿ ಸಹಿ ಮಾಡಿರಬೇಕು. ಅದಿಲ್ಲದೆ ನಾನು ನಿಮ್ಮನ್ನು ಕೊಳಕ್ಕೂ ಇಳಿಸೋದಿಲ್ಲ."

ಒಂದು ತಿಂಗಳಲ್ಲಿ ಅವಳಿಗೆ ಆಗುವುದಿಲ್ಲ ಎಂದ ಮೊದಲನೆಯವಳು ಇವಳು. ಶೇವಂತಿ ಅಲ್ಲೇ ಎರಡು ಹೆಸರು ಬರೆಸಿದಳು.

ಸಹಿಯ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಡಾಕ್ಟರರ ಮುಂದೆ ಕಾಗದ ಹಿಡಿದು ಸಹಿ ಮಾಡಿಸಿದವಳು ಅವಳು. ನರ್ಸಿಂಗ್ ಹೋಮಿನ ಹಿರಿಯ ಡಾಕ್ಟರು ಶಿದ್ರಾಮಪ್ಪನವರು ಸಾಲೆಗೆ, ನೌಕರಿಗೆ, ಲೈಸನ್ಸಿಗೆ ಎಂದು ಯಾರು ಏನು ತಂದರೂ ಓದದೆ ಸಹಿ ಮಾಡುವವರು. ಅವರು ಈ ಕಾಗದವನ್ನು ಮಾತ್ರ ಓದಿದರು. ಮೂರೂ ಪುಟ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಮೊದಲಿನಿಂದ ಓದಿದರು. ಇಟ್ಟು ಹೋಗು, ನೋಡೋಣ ಎಂದರು. ಕಾಗದ ಅವರ ಟೇಬಲ್ಲಿನ ಗಾಜಿನ ಗುಂಡಿನ ಕೆಳಗೆ ಎಂಟು ದಿನ ಕೂತಿತು. ಬಂದವರಿಗೆಲ್ಲ ಅದನ್ನು ತೋರಿಸಿ, ನಮ್ಮ ಸಿಸ್ಟರ್ ಸಮುದ್ರದಾಗ ಮುಣಗಾಕ ಹೊಂಟಾರ ನೋಡ್ರಿ ಎಂದು ಹೇಳಿ ನಗಿಸಿದರು. ಔಷಧ ಕಂಪನಿಯ ಪ್ರತಿನಿಧಿಗಳಿಗೂ ತೋರಿಸಿದರು. ಒಂಬತ್ತನೆಯ ದಿನ ಕಾಗದ ವಾಪಸು ಕೊಟ್ಟು, ಇದು ಕಿವಿಯ ವಿಷಯ, ಕಿವಿಯವರನ್ನು ಕೇಳು ಎಂದರು. ಅಷ್ಟನ್ನು ಮೊದಲ ದಿನವೇ ಹೇಳಬಹುದಿತ್ತು ಎಂಬ ಮಾತನ್ನು ಶೇವಂತಿ ನುಂಗಿಕೊಂಡು ವಾರ್ಡಿಗೆ ಹೋದಳು.

ಕಿವಿ ಮೂಗು ಗಂಟಲಿನ ಡಾಕ್ಟರು ನರ್ಸಿಂಗ್ ಹೋಮಿಗೆ ಗುರುವಾರ ಬರುತ್ತಿದ್ದರು. ಮೊದಲ ಗುರುವಾರ ಬರಲಿಲ್ಲ, ಮದುವೆಯಿತ್ತಂತೆ. ಎರಡನೆಯ ಗುರುವಾರ ಬಂದವರು ಮೂವತ್ತು ರೋಗಿಗಳನ್ನು ಮುಗಿಸಿ, ಕಾರಿನ ಕೀಲಿಕೈಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾಗದದ ಮೇಲೆ ಕಣ್ಣಾಡಿಸಿದರು. ಕಿವಿಯ ಕಡೆ ನೋಡಲೇ ಇಲ್ಲ.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕ್ರಿ ಸಿಸ್ಟರ್? ಅಂಡಮಾನದಾಗ ಗಾಜಿನ ತಳದ ದೋಣಿ ಇರತಾವ. ಕುಂತ ನೋಡ್ರಿ."

ಇದೇ ಡಾಕ್ಟರಿಗೆ ಅವಳು ಏಳು ವರ್ಷದಿಂದ ಗುರುವಾರಕ್ಕೊಮ್ಮೆ ಉಪಕರಣ ಜೋಡಿಸಿ ಕೊಟ್ಟಿದ್ದಳು. ಅಂದು ಸಂಜೆ ಬನಹಟ್ಟಿಯ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ತೆವಳಿತು. ಒಂದೊಂದು ಟ್ರ್ಯಾಕ್ಟರಿಗೂ ಎರಡೆರಡು ಟ್ರೇಲರು, ಮುಂದೆ ಹೋಗಲು ದಾರಿಯೇ ಇಲ್ಲ. ಅಷ್ಟರಲ್ಲಿ ಮಂಗಲಾಳ ಫೋನು ಬಂತು. ತನ್ನ ಕಾಗದ ತಯಾರಾಯಿತು ಎಂದಳು. ಸಹಿ ಮಾಡಿದ ಡಾಕ್ಟರ್ ಯಾರು ಎಂದು ಶೇವಂತಿ ಕೇಳುವುದರೊಳಗೆ, ಪುಸ್ತಕದ ಪಾಠ ತನಗೆ ತಲೆಗೆ ಹೋಗುತ್ತಿಲ್ಲ, ನೀನು ಓದಿ ಸಾರಾಂಶ ಹೇಳು ಎಂದು ಮಾತು ತಿರುಗಿಸಿದಳು. ಶೇವಂತಿ ಫೋನು ಕಟ್ ಮಾಡಿ, ಸಿಗ್ನಲ್ ಹೋಯಿತು ಎಂದು ಮೆಸೇಜು ಹಾಕಿದಳು.

ಮನೆಯಲ್ಲಿ ಕರೆವ್ವ ಎಲ್ಲವನ್ನೂ ಗಮನಿಸುತ್ತಿದ್ದಳು. ಮಾಳಿಗೆಯ ಮಾತು ಕೆಳಗೆ ಕೇಳುವುದಿಲ್ಲವೆಂದು ಮಗಳು ತಿಳಿದಿದ್ದಳು. ಆದರೆ ಕರೆಂಟು ಹೋದಾಗಲೆಲ್ಲ ಲೂಮು ನಿಂತು ಒಂದೊಂದು ಮಾತೂ ಕೆಳಗಿಳಿದು ಬರುತ್ತಿತ್ತು. ಅಂದು ಊಟಕ್ಕೆ ಕೂತಾಗ ಎಪ್ಪತ್ತನಾಲ್ಕರ ಮುದುಕಿ, ಬಾಗಲಕೋಟೆಯಲ್ಲಿ ಕಿವಿಯ ಡಾಕ್ಟರು ಇಲ್ಲವೇನು ಎಂದು ಕೇಳಿದಳು. ಇದ್ದಾರೆ ಎಂದಳು ಶೇವಂತಿ. ಹಾಗಾದರೆ ನಾನೂ ಬರುತ್ತೇನೆ ಎಂದಳು ಕರೆವ್ವ. ಡಾಕ್ಟರರಿಂದ ಬೇಡವೆನ್ನಿಸುವುದಕ್ಕೇ ಬರುತ್ತಾಳೆಂದು ಶೇವಂತಿಗೆ ಅನುಮಾನವೇ ಉಳಿಯಲಿಲ್ಲ. ಆದರೂ ಕರೆದುಕೊಂಡು ಹೋದಳು, ಯಾರೊಂದಿಗೂ ವಾದ ಮಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಬಾಗಲಕೋಟೆಯ ಡಾಕ್ಟರು ಪ್ರತಿಮಾ ಎಂಬ ಮೂವತ್ತೈದರ ಹೆಂಗಸು. ನಗಲಿಲ್ಲ. ಈ ಕಾಗದವನ್ನು ತಾನು ಹಿಂದೆ ನೋಡಿಲ್ಲ, ಹತ್ತು ನಿಮಿಷ ಕೊಡಿ ಎಂದು ಅದರ ಬಗ್ಗೆ ವೈದ್ಯರಿಗಾಗಿ ಇರುವ ಸೂಚನೆಗಳನ್ನು ಕಂಪ್ಯೂಟರಿನಲ್ಲಿ ತೆಗೆದು ಓದಿದಳು. ಆಮೇಲೆ ಕಿವಿಗೆ ದುರ್ಬೀನು ಹಾಕಿ, ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಲು ಹೇಳಿದಳು. ಮತ್ತೊಮ್ಮೆ ಊದಿಸಿದಳು. ಕಿವಿಗೆ ರಬ್ಬರಿನ ತುದಿ ಇಟ್ಟು, ತಮಟೆ ಎಷ್ಟು ಅಲಗಾಡುತ್ತದೆಂದು ಯಂತ್ರದಲ್ಲಿ ಗೆರೆ ತೆಗೆದಳು. ಸ್ಟೂಲಿನ ಮೇಲೆ ಕೂತಿದ್ದ ಕರೆವ್ವ ಮುಂದೆ ಬಾಗಿ ಕೇಳಿದಳು.

"ಮಿರಜಿನ್ಯಾಗ ಹಚ್ಚಿದ ತೇಪಿ ಐತ್ರೆವ್ವಾ ಅದು. ಬಿಚ್ಚಂಗಿಲ್ಲೇನ್ರಿ?"

"ಇಲ್ಲಮ್ಮ. ಭಾಳ ಛಲೋ ಕೂತೈತಿ. ಊದಿದ್ರ ಅಲಗಾಡತೈತಿ, ಹಂಗ ಅಲಗಾಡಬೇಕು. ನೀರಾಗ ಕಿವಿ ನೋವಾತಂದ್ರ ಅಲ್ಲೇ ನಿಂತು ಮ್ಯಾಲ ಬರಬೇಕು. ಹಟ ಮಾಡಬಾರದು, ಅಷ್ಟ."

ಕರೆವ್ವ ಸ್ವಲ್ಪ ಹೊತ್ತು ಮಗಳ ಕಿವಿಯನ್ನೇ ನೋಡಿದಳು. "ಅಂದ್ರ ಇಷ್ಟ ವರ್ಷ ಈಜಬಹುದಿತ್ತೇನ್ರಿ?"

ಈಜಬಹುದಿತ್ತು ಎಂದಳು ಡಾಕ್ಟರು. ಕರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು. ಸಹಿಯಾಯಿತು, ಮೊಹರು ಬಿತ್ತು. ಬಸ್ಸಿನಲ್ಲಿ ಬರುವಾಗ ಮುದುಕಿ ಮುಧೋಳದ ತನಕ ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಕೂತಿದ್ದಳು. ಆಮೇಲೆ, ನೀನಾದರೂ ನರ್ಸು ಆದಮೇಲೆ ಕೇಳಬೇಕಿತ್ತಲ್ಲ ಎಂದಳು. ಶೇವಂತಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ, ಆದರೆ ಅದು ತಾಯಿಯ ಮೇಲೋ ತನ್ನ ಮೇಲೋ ಎಂದು ಗೊತ್ತಾಗಲಿಲ್ಲ. ಸಾವಿರಾರು ಜನರಿಗೆ ಇದನ್ನು ಮಾಡಬಹುದು, ಅದನ್ನು ಮಾಡಬಾರದು ಎಂದು ಹೇಳಿದವಳು ತನ್ನ ಕಿವಿಯ ಬಗ್ಗೆ ಒಬ್ಬ ಡಾಕ್ಟರನ್ನೂ ಕೇಳಿರಲಿಲ್ಲ.

ಮುಂದಿನ ಮೂರು ಭಾನುವಾರ ಅವಳು ಬೀಳಗಿಯ ಹತ್ತಿರ ಮಂಗಲಾಳ ಅಣ್ಣನ ತೋಟದ ಬಾವಿಯಲ್ಲಿ ಈಜಿದಳು. ಮೆಟ್ಟಿಲಿದ್ದ ದೊಡ್ಡ ಬಾವಿ. ಮಂಗಲಾ ಅದರಲ್ಲೇ ಬೆಳೆದವಳು, ದಂಡೆಯ ಮೇಲಿಂದ ಜಿಗಿದು ಆಚೆ ದಡದಲ್ಲಿ ಏಳುತ್ತಿದ್ದಳು. ಶೇವಂತಿ ಮೊದಲ ಭಾನುವಾರ ಕೊನೆಯ ಮೆಟ್ಟಿಲಿನಲ್ಲಿ ನಿಂತು ಸೊಂಟದ ತನಕ ನೀರಿನಲ್ಲಿ ಅರ್ಧ ತಾಸು ಕಳೆದಳು. ಕೈಕಾಲಿಗೆ ಎಲ್ಲ ನೆನಪಿತ್ತು, ಉಸಿರಿಗೆ ಮರೆತಿತ್ತು. ಮೂರನೆಯ ಭಾನುವಾರ ನಿಲ್ಲದೆ ಇಪ್ಪತ್ತು ಸುತ್ತು ಹೊಡೆದಳು. ಮಂಗಲಾ ಮೇಲೆ ಕೂತು ಶೇಂಗಾ ತಿನ್ನುತ್ತ, ಕಾಲು ಸರಿ ಬಡಿಯುತ್ತಿಲ್ಲ ಎಂದು ತಪ್ಪು ತೋರಿಸಿದಳು.

ಡಿಸೆಂಬರ್ ಮಧ್ಯದಲ್ಲಿ ಇಬ್ಬರೂ ಹುಬ್ಬಳ್ಳಿಯ ಮೇಲೆ ಹಾಯ್ದು ಮುರುಡೇಶ್ವರ ತಲುಪಿದರು. ಮರುದಿನ ಮುಂಜಾನೆ ಸ್ನೇಹಾಳ ಆಫೀಸಿನಲ್ಲಿ ಕಾಗದಗಳನ್ನು ಒಪ್ಪಿಸುವಾಗ ಮಂಗಲಾ ತನ್ನದನ್ನು ಮಡಚಿ ಕೊಟ್ಟಳು. ಸ್ನೇಹಾ ಅದನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟಾಗ ಶೇವಂತಿಗೆ ಕಂಡಿತು. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಎಲ್ಲ 'ಇಲ್ಲ'. ಡಾಕ್ಟರರ ಸಹಿಯ ಪುಟವೇ ಇರಲಿಲ್ಲ.

ಮಂಗಲಾ ಎರಡು ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಿದ್ದಳು. ಆ ಬಿಪಿಯನ್ನು ಮೊದಲು ಕಂಡುಹಿಡಿದವಳೇ ಶೇವಂತಿ. ತಲೆನೋವೆಂದು ಜಮಖಂಡಿಗೆ ಬಂದವಳನ್ನು ಅಲ್ಲಿಯೇ ಕೂರಿಸಿ ನೋಡಿದ್ದಳು. ಈಗ ಸ್ನೇಹಾ ಗಾಳಿಯ ಸಿಲಿಂಡರು ತರಲು ಹೊರಗೆ ಹೋದ ಹೊತ್ತಿಗೆ ಶೇವಂತಿ ಗೆಳತಿಯ ರಟ್ಟೆ ಹಿಡಿದು ಲಾಡ್ಜಿನ ಕೋಣೆಗೆ ಎಳೆದುಕೊಂಡು ಬಂದಳು. ಪ್ರವಾಸಕ್ಕೂ ಬಿಪಿ ಯಂತ್ರ ಒಯ್ಯುತ್ತಾಳೆ ಎಂದು ಮಂಗಲಾ ಬಸ್ಸಿನಲ್ಲಿ ಆಡಿಕೊಂಡಿದ್ದಳು. ಆ ಯಂತ್ರ ನೂರಾ ಅರವತ್ತೆಂಟು ಮೇಲೆ, ನೂರಾ ಎರಡು ಕೆಳಗೆ ಎಂದು ತೋರಿಸಿತು. ಹತ್ತು ನಿಮಿಷ ಸುಮ್ಮನೆ ಮಲಗಿಸಿ ಮತ್ತೆ ನೋಡಿದಳು, ಅಷ್ಟೇ ಇತ್ತು. ಗುಳಿಗೆ ನುಂಗುತ್ತೀಯಾ ಇಲ್ಲವಾ ಎಂದು ಕೇಳಿದ್ದಕ್ಕೆ ಮಂಗಲಾ, ನಾದಿನಿಯ ಮನೆಯ ಮದುವೆಯ ಗದ್ದಲದಲ್ಲಿ ಮುಗಿದವು, ಮತ್ತೆ ತರಿಸಲಿಲ್ಲ ಎಂದಳು. ಎಷ್ಟು ದಿನವಾಯಿತು ಎಂದರೆ ಎರಡು ವಾರ.

"ಹೋಗಿ ಆಕಿಗೆ ನೀನ ಹೇಳು," ಎಂದಳು ಶೇವಂತಿ.

"ನೀ ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ."

"ನಂಗ ಗೊತ್ತೈತಲ್ಲ."

"ಶೇವಂತಿ, ಇಪ್ಪತ್ತೆರಡ ವರ್ಷ ಆದ ಮ್ಯಾಲ ಮನಿಬಿಟ್ಟು ಹೊರಗ ಬಂದೇನಿ. ನಾ ಈಜಾಕಿ. ನಿನ್ನಕಿಂತ ಛಲೋ ಈಜತೀನಿ, ಖರೆ ಹೌದಿಲ್ಲೋ?"

ಅದು ಖರೆಯೇ ಆಗಿತ್ತು. ಶೇವಂತಿ ಮಂಚದ ತುದಿಯಲ್ಲಿ ಕೂತು ಯಂತ್ರದ ಪಟ್ಟಿಯನ್ನು ಸುತ್ತಿದಳು. ಎರಡು ತಿಂಗಳ ಫೋನು, ಎಂಟು ದಿನ ಗಾಜಿನ ಗುಂಡಿನ ಕೆಳಗೆ ಕೂತ ಕಾಗದ, ಗುರುವಾರಗಳು, ಬಾಗಲಕೋಟೆ, ಎಲ್ಲ ಅವಳಿಗೆ ಒಟ್ಟಿಗೆ ನೆನಪಾದವು. ತಾನು ಒಂದು 'ಹೌದು' ಬರೆದು ಇಷ್ಟು ತಿರುಗಿದಳು, ಇವಳು ಒಂದು 'ಇಲ್ಲ' ಬರೆದು ಶೇಂಗಾ ತಿನ್ನುತ್ತ ಕೂತಿದ್ದಳು. ಅತ್ತುಬಿಡುತ್ತೇನೇನೋ ಎನ್ನಿಸಿತು. ಅಳಲಿಲ್ಲ.

"ನೀರಾಗ ನಿಂಗ ಏನರ ಆತಂದ್ರ ನಾ ಹಣಮಂತಣ್ಣಗ ಏನಂತ ಹೇಳ್ಲಿ? ನಂಗ ಗೊತ್ತಿತ್ತು, ಸುಮ್ನ ಇದ್ದೆ ಅಂತ ಹೇಳ್ಲೇನು?"

ಮಂಗಲಾ ಎದ್ದು ಹೋಗಿ ಹೇಳಲಿಲ್ಲ. ಶೇವಂತಿ ಕಾಲು ತಾಸು ಕಾದಳು. ಆಮೇಲೆ ತಾನೇ ಹೋಗಿ ಸ್ನೇಹಾಳಿಗೆ ಯಂತ್ರದ ಅಂಕಿಗಳನ್ನು ಹೇಳಿದಳು. ಸ್ನೇಹಾ ಬೇಸರಪಟ್ಟಳು, ಆದರೆ ಮಂಗಲಾಳ ಕಾಗದವನ್ನು ಎರಡನೆಯ ಮಾತಿಲ್ಲದೆ ಹರಿದಳು. ಗುಳಿಗೆ ಮತ್ತೆ ಶುರುಮಾಡಿ, ಬಿಪಿ ಇಳಿದು ನಿಂತಮೇಲೆ ಡಾಕ್ಟರ್ ಸಹಿಯೊಂದಿಗೆ ಬಂದರೆ ಕಲಿಸುತ್ತೇನೆ ಎಂದಳು. ಶೇವಂತಿ ಔಷಧದ ಅಂಗಡಿ ಹುಡುಕಿಕೊಂಡು ಹೋಗಿ ಗುಳಿಗೆ ತಂದು, ನೀರಿನ ಲೋಟದ ಜೊತೆ ಗೆಳತಿಯ ಮುಂದಿಟ್ಟಳು. ಮಂಗಲಾ ನುಂಗಿದಳು, ಮುಖ ನೋಡಲಿಲ್ಲ.

ಮೊದಲ ದಿನ ಈಜುಕೊಳದ ದಂಡೆಯ ಮೇಲೆ ಮಂಗಲಾ ಛತ್ರಿ ಹಿಡಿದು ಬೆನ್ನು ತಿರುಗಿಸಿ ಕೂತಳು. ಶೇವಂತಿಗೆ ಬಾಯಿಂದಲೇ ಉಸಿರಾಡುವುದು ಬೇಗ ಬಂತು. ನೀರಿನೊಳಗೆ ಕನ್ನಡಕದ ಮುಸುಕು ತೆಗೆದು ಮತ್ತೆ ಹಾಕಿಕೊಂಡು, ಮೂಗಿನಿಂದ ಊದಿ ಅದರೊಳಗಿನ ನೀರನ್ನು ಹೊರಗೆ ತಳ್ಳುವುದು ಮಾತ್ರ ಬರಲಿಲ್ಲ. ಪ್ರತಿ ಸಲವೂ ಮೂಗಿಗೆ ನೀರು ಏರಿ ಕೆಮ್ಮುತ್ತ ಮೇಲೆದ್ದಳು. ಆರು ಸಲ ಆಯಿತು. ಎರಡನೆಯ ದಿನ ಒಂಬತ್ತನೆಯ ಸಲ ಎದ್ದಾಗ ದಂಡೆಯಿಂದ ದನಿ ಬಂತು. ತಲೆ ಹಿಂದಕ್ಕೆ ಹಾಕು, ಕೆಳಗೆ ನೋಡುತ್ತ ಊದಿದರೆ ನೀರು ಹೇಗೆ ಹೋದೀತು ಎಂದು ಮಂಗಲಾ ಹೇಳುತ್ತಿದ್ದಳು. ಪುಸ್ತಕದ ಒಂದು ಪುಟವನ್ನೂ ಓದದವಳು. ಸ್ನೇಹಾ ನಕ್ಕು, ಅಕ್ಕ ಹೇಳುವುದು ಸರಿ ಎಂದಳು. ಶೇವಂತಿ ಹಲ್ಲು ಕಚ್ಚಿ ಮುಳುಗಿ, ತಲೆ ಹಿಂದಕ್ಕೆ ಹಾಕಿ ಊದಿದಳು. ಮುಸುಕು ಖಾಲಿಯಾಯಿತು.

ಮೂರನೆಯ ದಿನ ದೋಣಿ ನೇತ್ರಾಣಿಗೆ ಹೋಯಿತು. ಮಂಗಲಾ ದೋಣಿಯಲ್ಲೇ ಉಳಿದಳು. ಶೇವಂತಿ ಲಂಗರಿನ ಹಗ್ಗ ಹಿಡಿದು ಸ್ನೇಹಾಳ ಎದುರು ಒಂದೊಂದು ಮೊಳವೇ ಇಳಿದಳು. ಮೂರು ಮೀಟರಿಗೆ ಬಲಗಿವಿ ಹಿಂಡಿದಂತಾಯಿತು. ಕಿವಿ ತೋರಿಸಿ ಕೈ ಅಲ್ಲಾಡಿಸಿದಳು. ಇಬ್ಬರೂ ಒಂದು ಮೀಟರು ಮೇಲೆ ಬಂದರು. ಮೂಗು ಹಿಡಿದು ಮೆಲ್ಲಗೆ ಊದಿದಳು, ಏನೂ ಆಗಲಿಲ್ಲ. ಮತ್ತೆ ಊದಿದಳು. ಅವಳ ಜೊತೆ ಬಂದ ಪುಣೆಯ ತರುಣ ಜೋಡಿ ಆಗಲೇ ಇನ್ನೊಬ್ಬ ತರಬೇತುದಾರನ ಹಿಂದೆ ಕೆಳಗೆ ಕಾಣದಾಗಿದ್ದರು. ಹಟ ಮಾಡಬಾರದು ಎಂದು ಬಾಗಲಕೋಟೆಯಲ್ಲಿ ಹೇಳಿದ್ದರು. ಸ್ನೇಹಾ ಹಗ್ಗ ಹಿಡಿದು ಅವಸರವೇ ಇಲ್ಲದವಳ ಹಾಗೆ ಎದುರಿಗೆ ನಿಂತಿದ್ದಳು. ಮೂರನೆಯ ಸಲ ಊದಿದಾಗ ಕಿವಿಯೊಳಗೆ ಚಿಟ್ ಎಂದು ಸಣ್ಣ ಸದ್ದಾಗಿ ನೋವು ಹೋಯಿತು.

ತಳ ಮುಟ್ಟುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಅಲ್ಲಿ ಬಂಡೆಗಳು, ಅವುಗಳ ನಡುವೆ ಅರಿಸಿನದ ಬಣ್ಣದ ಚಪ್ಪಟೆ ಮೀನುಗಳು ಗುಂಪಾಗಿ ನಿಂತಿದ್ದವು. ಶೇವಂತಿ ಮೊದಲು ಅವನ್ನು ನೋಡಲಿಲ್ಲ. ಅಭ್ಯಾಸಬಲದಿಂದ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಿದ್ದಳು. ಇಪ್ಪತ್ತಾರು. ಸ್ವಲ್ಪ ಹೊತ್ತಿನ ಮೇಲೆ ಹದಿನೆಂಟು. ಹದಿನಾಲ್ಕಕ್ಕೆ ಬಂದಾಗ ಎಣಿಸುವುದು ನಿಂತುಹೋಯಿತು. ಆಮೇಲೆ ಮೀನುಗಳು ಕಂಡವು. ಒಂದು ಗಿಳಿ ಹಸಿರಿನ ಮೀನು ಬಂಡೆಯನ್ನು ಕಟಕಟ ಕಡಿಯುತ್ತಿರುವುದು ಕಿವಿಗೆ ಕೇಳಿಸುತ್ತಿತ್ತು. ಬಲಗಿವಿಗೂ. ಮೇಲೆ ಬಂದು ದೋಣಿಯ ಏಣಿ ಹಿಡಿದು ಬೆನ್ನಿನ ಭಾರ ಕಳಚಿದಳು. ಮಂಗಲಾ ಬಾಗಿ ಅವಳ ಸಿಲಿಂಡರನ್ನು ಮೇಲೆತ್ತಿಕೊಂಡಳು. ಏನು ಕಂಡೆ ಎಂದು ಕೇಳಲಿಲ್ಲ, ಟವೆಲು ಕೊಟ್ಟಳು.

ನಾಲ್ಕನೆಯ ದಿನ ಸರ್ಟಿಫಿಕೇಟು ಸಿಕ್ಕಿತು. ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕೂತಮೇಲೆ ಮಂಗಲಾ ಮಾತಾಡಿದಳು. ಶಿದ್ರಾಮಪ್ಪ ಡಾಕ್ಟರರಲ್ಲಿ ತನಗೊಂದು ನಂಬರು ಹಚ್ಚಿಸು, ಅಂಡಮಾನಿಗೆ ಹೋಗುವುದರೊಳಗೆ ತನ್ನ ಕಾಗದಕ್ಕೂ ಸಹಿಯಾಗಬೇಕು ಎಂದಳು. ಶೇವಂತಿ ಹಣೆ ಒತ್ತಿಕೊಂಡಳು. ಆದರೂ ಹಚ್ಚಿಸಿದಳು. ಶಿದ್ರಾಮಪ್ಪನವರು ಈ ಸಲ ನಗಲಿಲ್ಲ. ಗುಳಿಗೆ ಬದಲಿಸಿ, ಎರಡು ತಿಂಗಳು ನೋಡದೆ ಸಹಿ ಮಾಡುವುದಿಲ್ಲ ಎಂದರು. ಪ್ರವಾಸಕ್ಕೆ ಉಳಿದದ್ದು ಮೂರೂವರೆ ವಾರ.

ಹೀಗಾಗಿ ಅಂಡಮಾನಿನಲ್ಲಿ ಕೆಳಗೆ ಇಳಿದವಳು ಶೇವಂತಿ ಒಬ್ಬಳೇ. ಮಂಗಲಾಳ ಬಿಪಿ ಅಷ್ಟರಲ್ಲಿ ಇಳಿದಿತ್ತು. ಜಾಕೀಟು ತೊಟ್ಟು, ಮುಸುಕು ಹಾಕಿಕೊಂಡು ದಂಡೆಯ ಹತ್ತಿರ ಮೇಲೆ ತೇಲಬಹುದು ಎಂದು ಡಾಕ್ಟರು ಒಪ್ಪಿದ್ದರು. ಅಲ್ಲಿಯ ಕಾಗದದಲ್ಲಿ ಅವಳು ಬಿಪಿಯ ಸಾಲಿನ ಮುಂದೆ ಹೌದು ಎಂದು ಬರೆದು, ಗುಳಿಗೆಯ ಹೆಸರನ್ನೂ ಬರೆದು, ಬರೆದದ್ದನ್ನು ಶೇವಂತಿಗೆ ತೋರಿಸಿ ಒಪ್ಪಿಸಿದಳು. ನೀರಿನ ಅಡಿಯಿಂದ ಶೇವಂತಿ ಒಮ್ಮೆ ತಲೆ ಎತ್ತಿ ನೋಡಿದಾಗ ಕಿತ್ತಳೆ ಜಾಕೀಟಿನ ಮಂಗಲಾ ಮೇಲೆ ಕೈಕಾಲು ಚಾಚಿ ತೇಲುತ್ತ, ಇವಳ ಉಸಿರಿನ ಗುಳ್ಳೆಗಳನ್ನೇ ಹಿಂಬಾಲಿಸಿಕೊಂಡು ಬರುತ್ತಿದ್ದಳು. ಶೇವಂತಿ ಕೈಬೀಸಿದಳು. ಮೇಲಿನಿಂದಲೂ ಒಂದು ಕೈ ಬೀಸಿತು.

ಸಂಜೆ ಜೆಟ್ಟಿಯ ಹತ್ತಿರ ಎಳನೀರು ಕುಡಿಯುತ್ತ ಕೂತಾಗ ಸಮೀರವಾಡಿಯಿಂದ ಹಣಮಂತನ ಫೋನು ಬಂತು. ಹಿಂದೆ ಕಾರ್ಖಾನೆಯ ಗದ್ದಲ ಕೇಳುತ್ತಿತ್ತು, ಅವನು ಗಟ್ಟಿಯಾಗಿ ಕೇಳುತ್ತಿದ್ದ, ಮಂಗಲಾ ಅದಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದಳು. ನಾವು ಸಮುದ್ರದ ತಳ ನೋಡಿ ಬಂದೆವು ಎಂದಳು. ಕಪ್ಪು ಪಟ್ಟೆಯ ಒಂದು ಮೀನು ಬಂಡೆಯ ಸಂದಿಯಿಂದ ಹೊರಗೆ ಬಂದು ತಮ್ಮನ್ನೇ ನೋಡಿತಂತೆ, ಆಳೆತ್ತರ ಇತ್ತಂತೆ. ಆ ಮೀನನ್ನು ನೋಡಿದವಳು ಶೇವಂತಿ. ಅದರ ಕಥೆಯನ್ನು ಮಧ್ಯಾಹ್ನ ಊಟಕ್ಕೆ ಕೂತಾಗ ಮಂಗಲಾಳಿಗೆ ಹೇಳಿದವಳೂ ಶೇವಂತಿಯೇ.

ಶೇವಂತಿ ಎಳನೀರು ಕೆಳಗಿಟ್ಟಳು. ಆಮೇಲೆ ಫೋನಿನ ಕಡೆ ಬಾಗಿದಳು.

"ಮೊಳದುದ್ದ ಇತ್ರಿ ಅಣ್ಣಾರ," ಎಂದಳು. "ಪಟ್ಟಿ ಕಪ್ಪಲ್ಲ, ಕಂದು ಬಣ್ಣದ್ದು."